ತೊಲೆಯ ಬಾಗು ಅಳೆಯಲು ಫ್ಲೆಕ್ಸೋಎಲೆಕ್ಟ್ರಿಕ್ ಸೆನ್ಸರ್: ಮಾಡಿ ನೋಡಿದವರು ಹೇಳಿ

ಕೇಳಿದವರು: ಫೈನಲ್ ಇಯರ್ ಪ್ರಾಜೆಕ್ಟ್. ಒಂದು ತುದಿ ಬಿಗಿದ ಅಲ್ಯೂಮಿನಿಯಂ ಪಟ್ಟಿ, 30 ಸೆಂ.ಮೀ. ಉದ್ದ, 2 ಮಿ.ಮೀ. ದಪ್ಪ. ಅದರ ಬಾಗನ್ನು ಫ್ಲೆಕ್ಸೋಎಲೆಕ್ಟ್ರಿಕ್ ವಸ್ತುವಿನಿಂದ (ಬಾಗಿದಾಗ ವಿದ್ಯುತ್ ಚಾರ್ಜ್ ಕೊಡುವ ವಸ್ತು) ಅಳೆಯಬೇಕು. ಲ್ಯಾಬಿನಲ್ಲಿ ಪಿವಿಡಿಎಫ್ (ಒಂದು ಬಗೆಯ ಪಾಲಿಮರ್, ಪ್ಲಾಸ್ಟಿಕ್) ಹಾಳೆ ಇದೆ, ಅದು ಸಾಕಾ? ತುದಿಗೆ ತೂಕ ಹಾಕಿದರೆ ರೀಡಿಂಗ್ ಬಂದು, ಸ್ವಲ್ಪ ಹೊತ್ತಿಗೇ ಸೊನ್ನೆಗೆ ಇಳಿಯುತ್ತದೆ. ಏನು ಮಾಡಲಿ?

ಉತ್ತರ 1: ಆ ಹಾಳೆ ಪೋಲ್ ಮಾಡಿದ್ದಾ (ಜೋರು ವೋಲ್ಟೇಜ್ ಕೊಟ್ಟು ಒಳಗಿನ ಪ್ಲಸ್ ಮೈನಸ್‌ಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದ್ದಾ), ಮಾಡದ್ದಾ? ಮೊದಲು ಅದನ್ನು ತಿಳಿದುಕೊಳ್ಳಿ. ಪೋಲ್ ಮಾಡಿದ್ದಾದರೆ ನಿಮಗೆ ಬರುತ್ತಿರುವುದು ಪೀಜೋ ಸಿಗ್ನಲ್. ಚಾರ್ಜ್ ಹುಟ್ಟಲು ಪೀಜೋಗೆ (ಪೀಜೋಎಲೆಕ್ಟ್ರಿಕ್ ವಸ್ತುವಿಗೆ) ಹಿಗ್ಗು ಕುಗ್ಗು ಇದ್ದರೆ ಸಾಕು. ಫ್ಲೆಕ್ಸೋ ಹಾಗಲ್ಲ. ಹಾಳೆಯ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹಿಗ್ಗು ಎಷ್ಟು ಬದಲಾಗುತ್ತದೆ ಅನ್ನುವುದೇ ಅದಕ್ಕೆ ಮುಖ್ಯ. ಬಾಗುವ ಪಟ್ಟಿಯಲ್ಲಿ ಆ ಬದಲಾವಣೆ ಅಂದರೆ ವಕ್ರತೆಯೇ. ಪಟ್ಟಿಯನ್ನು ಉದ್ದಕ್ಕೆ ಎಳೆದರೆ ಪೀಜೋ ಸಿಗ್ನಲ್ ಕೊಡುತ್ತದೆ, ಫ್ಲೆಕ್ಸೋ ಸುಮ್ಮನಿರುತ್ತದೆ. ಬಾಗನ್ನು ಮಾತ್ರ ಹಿಡಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕಾ?

ಲೆಕ್ಕ ಹಾಕಿ ನೋಡಿ. ತುದಿ 5 ಮಿ.ಮೀ. ಕೆಳಗಿಳಿದರೆ ಬಿಗಿದ ಕಡೆ ಪಟ್ಟಿ ಸುಮಾರು 6 ಮೀಟರ್ ತ್ರಿಜ್ಯದಲ್ಲಿ ಬಾಗಿರುತ್ತದೆ. ಎಲೆಕ್ಟ್ರೋಡ್ (ಚಾರ್ಜ್ ಹಿಡಿಯುವ ಲೋಹದ ಪದರ) 1 ಚದರ ಸೆಂ.ಮೀ. ಅಂದುಕೊಳ್ಳೋಣ. ಪಾಲಿಮರ್‌ನ ಫ್ಲೆಕ್ಸೋ ಗುಣಾಂಕ (ಬಾಗಿಗೆ ಎಷ್ಟು ಚಾರ್ಜ್ ಬರುತ್ತದೆ ಅನ್ನುವ ಅಂಕಿ) ಮೀಟರಿಗೆ 10 ನ್ಯಾನೋಕೂಲಂಬ್ ಆದರೆ ಬರುವ ಚಾರ್ಜ್ 0.17 ಪಿಕೋಕೂಲಂಬ್. ಅದೇ ಜಾಗದಲ್ಲಿ ಪೋಲ್ ಮಾಡಿದ ಹಾಳೆ ನೂರಾರು ಪಿಕೋಕೂಲಂಬ್ ಕೊಡುತ್ತದೆ. ಹಾಳೆಯಲ್ಲಿ ಒಂದಿಷ್ಟು ಪೋಲಿಂಗ್ ಉಳಿದಿದ್ದರೂ ಫ್ಲೆಕ್ಸೋ ಅದರಡಿ ಮುಚ್ಚಿಹೋಗುತ್ತದೆ.

ಪರೀಕ್ಷೆ ಸುಲಭ. ಒಂದೇ ಹಾಳೆಯಿಂದ ಎರಡು ತುಂಡು ಕತ್ತರಿಸಿ. ಒಂದನ್ನು ನೇರವಾಗಿ, ಇನ್ನೊಂದನ್ನು ಮಗುಚಿ, ಬಿಗಿದ ತುದಿಯ ಹತ್ತಿರ ಅಕ್ಕಪಕ್ಕ ಅಂಟಿಸಿ. ಎರಡರಲ್ಲೂ ಮೇಲ್ಮುಖದ ವೈರಿನಿಂದಲೇ ಅಳೆಯಿರಿ. ಮಗುಚಿದಾಗ ಪ್ಲಸ್ ಮೈನಸ್ ಅದಲುಬದಲಾಗುವ ಪಾಲು ಪೀಜೋ, ಬದಲಾಗದೆ ಉಳಿಯುವ ಪಾಲು ಫ್ಲೆಕ್ಸೋ. ಈ ಪರೀಕ್ಷೆ ಇಲ್ಲದ ಫ್ಲೆಕ್ಸೋ ರಿಪೋರ್ಟನ್ನು ನಾನಂತೂ ನಂಬುವುದಿಲ್ಲ.

ಜಾಸ್ತಿ ಸಿಗ್ನಲ್ ಬೇಕಿದ್ದರೆ ಬೇರಿಯಂ ಸ್ಟ್ರಾನ್ಷಿಯಂ ಟೈಟನೇಟ್ ಸೆರಾಮಿಕ್ ಹುಡುಕಿ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮಾ ಮತ್ತು ಕ್ರಾಸ್ 2002ರಲ್ಲಿ ಇದರಲ್ಲಿ ಮೀಟರಿಗೆ ಸುಮಾರು 100 ಮೈಕ್ರೋಕೂಲಂಬ್ ಅಳೆದರು. ನಿಮ್ಮ ಪಟ್ಟಿಗೆ ಅದು 1700 ಪಿಕೋಕೂಲಂಬ್ ಹತ್ತಿರ ಆಗುತ್ತದೆ. ಆದರೆ ಆ ಗುಣಾಂಕ ಕ್ಯೂರಿ ತಾಪಮಾನದ (ವಸ್ತುವಿನ ಸ್ವಂತ ಪ್ಲಸ್ ಮೈನಸ್ ಜೋಡಣೆ ಅಳಿಯುವ ತಾಪಮಾನ) ಆಸುಪಾಸಿನಲ್ಲಿ ಮಾತ್ರ ಅಷ್ಟು ದೊಡ್ಡದು, ಬಿಸಿ ಏರಿದಂತೆ ಇಳಿಯುತ್ತದೆ. ಪ್ರತಿ ರೀಡಿಂಗ್ ಜೊತೆ ಕೋಣೆಯ ತಾಪಮಾನವನ್ನೂ ಬರೆದಿಡಿ.

ಉತ್ತರ 2: ನಾನು ಸರ್ಕ್ಯೂಟ್ ಕಡೆಯವನು. ರೀಡಿಂಗ್ ಸೊನ್ನೆಗೆ ಇಳಿಯುವುದು ನಿಮ್ಮ ತಪ್ಪಲ್ಲ, ಚಾರ್ಜ್ ಸೋರಿಹೋಗುತ್ತದೆ ಅಷ್ಟೇ. ಪೀಜೋ ಆಗಲಿ ಫ್ಲೆಕ್ಸೋ ಆಗಲಿ, ನಿಂತ ತೂಕ ಅಳೆಯುವ ಆಸೆ ಬಿಡಿ. ಪಟ್ಟಿಯನ್ನು ಮೀಟಿ, ಅದು ಅಲುಗಾಡುವಾಗ ಅಳೆಯಿರಿ. ನಿಮ್ಮ ಅಳತೆಗೆ ಮೊದಲ ಕಂಪನ ಸುಮಾರು 18 ಹರ್ಟ್ಜ್ ಬರಬೇಕು. ಚಾರ್ಜ್ ಆಂಪ್ಲಿಫೈಯರ್‌ನಲ್ಲಿ (ಚಾರ್ಜನ್ನು ವೋಲ್ಟೇಜ್ ಆಗಿ ಬದಲಿಸುವ ಸರ್ಕ್ಯೂಟ್) 1 ನ್ಯಾನೋಫ್ಯಾರಡ್ ಕೆಪಾಸಿಟರ್ ಮತ್ತು 1 ಗಿಗಾಓಮ್ ರೆಸಿಸ್ಟರ್ ಹಾಕಿದರೆ 0.16 ಹರ್ಟ್ಜ್‌ನಷ್ಟು ನಿಧಾನ ಕಂಪನದವರೆಗೂ ಕೆಲಸ ಮಾಡುತ್ತದೆ. ಸೆರಾಮಿಕ್‌ಗೆ ಇದು ಸರಿ. ಪಾಲಿಮರ್‌ಗೆ ಮಾತ್ರ ಕೆಪಾಸಿಟರ್ ಇನ್ನೂ ಚಿಕ್ಕದು ಬೇಕು, ಲಾಕ್-ಇನ್ ಆಂಪ್ಲಿಫೈಯರ್ (ಗದ್ದಲದೊಳಗಿಂದ ಒಂದೇ ಕಂಪನದ ಸಿಗ್ನಲ್ ಹೆಕ್ಕುವ ಉಪಕರಣ) ಇದ್ದರೆ ಇನ್ನೂ ಒಳ್ಳೆಯದು. 741 ಅನ್ನುವ ಆಂಪ್ಲಿಫೈಯರ್ ಚಿಪ್ ಬೇಡವೇ ಬೇಡ. ಅದರ ಇನ್‌ಪುಟ್ ಕರೆಂಟ್ ಒಂದೇ ಸಾಕು, ಔಟ್‌ಪುಟ್ ಒಂದು ತುದಿಗೆ ಹೋಗಿ ಕೂರುತ್ತದೆ. ಫೆಟ್ ಇನ್‌ಪುಟ್ ಇರುವ (ಇನ್‌ಪುಟ್ ಕರೆಂಟ್ ಬಹಳ ಕಡಿಮೆ ಇರುವ) ಚಿಪ್ ತೆಗೆದುಕೊಳ್ಳಿ.

ಬೋರ್ಡಿನ ಮೇಲೆ ಉಳಿದ ಬೆಸುಗೆಯ ಫ್ಲಕ್ಸನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ತೊಳೆಯಿರಿ. ಮಳೆಗಾಲದಲ್ಲಿ ತೇವದಿಂದ ಸೋರಿಕೆ ಜಾಸ್ತಿ. ಕೇಬಲ್ಲನ್ನು ಟೇಪ್ ಹಾಕಿ ಅಲ್ಲಾಡದಂತೆ ಬಿಗಿಯಿರಿ, ಅದು ಅಲ್ಲಾಡಿದರೂ ಚಾರ್ಜ್ ಹುಟ್ಟುತ್ತದೆ. ಪಟ್ಟಿಯನ್ನು ಗ್ರೌಂಡ್ ಮಾಡಿ, ಸೆನ್ಸರ್ ಮೇಲೆ ಲೋಹದ ಡಬ್ಬಿ ಮುಚ್ಚಿ. ಇಲ್ಲದಿದ್ದರೆ ಸ್ಕ್ರೀನ್ ತುಂಬ ಕರೆಂಟ್ ಲೈನಿನ 50 ಹರ್ಟ್ಜ್ ಮಾತ್ರ ಕಾಣುತ್ತದೆ.

ಉತ್ತರ 3: ಅಂಟಿನ ಬಗ್ಗೆ ಯಾರೂ ಹೇಳಲಿಲ್ಲ. ಎರಡು ಬದಿ ಅಂಟಿನ ಟೇಪ್ ಬಳಸಬೇಡಿ. ಅದು ಮೆದು, ಪಟ್ಟಿಯ ಬಾಗು ಸೆರಾಮಿಕ್‌ಗೆ ಪೂರ್ತಿ ತಲುಪುವುದಿಲ್ಲ. ಗಟ್ಟಿ ಎಪಾಕ್ಸಿಯನ್ನು ತೆಳುವಾಗಿ ಹಚ್ಚಿ, ಒಣಗುವವರೆಗೆ ಒತ್ತಿಡಿ. ಸೇತುವೆಯ ತೊಲೆಯಲ್ಲಿ ನಿಂತ ಬಾಗು ನೋಡಬೇಕಾದರೆ ನಾವು ಈಗಲೂ ಸ್ಟ್ರೇನ್ ಗೇಜನ್ನೇ (ಹಿಗ್ಗಿದಾಗ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್) ನಂಬುತ್ತೇವೆ. ಆದರೆ ಬಿರುಕಿನ ತುದಿಯಲ್ಲಿ ಹಿಗ್ಗು ಬಹಳ ಚಿಕ್ಕ ಜಾಗದಲ್ಲೇ ಥಟ್ಟನೆ ಬದಲಾಗುತ್ತದೆ, ಫ್ಲೆಕ್ಸೋಗೆ ಬೇಕಾದದ್ದು ಅದೇ ಅಲ್ವಾ? ಸಮಯ ಉಳಿದರೆ ಪಟ್ಟಿಯಲ್ಲಿ ಒಂದು ತೂತು ಕೊರೆದು, ಅದರ ಅಂಚಿನಲ್ಲಿ ಚಿಕ್ಕ ತುಂಡು ಅಂಟಿಸಿ ನೋಡಿ. ಏನು ಬಂತು ಅಂತ ಇಲ್ಲೇ ತಿಳಿಸಿ.