ತೂಕದ ಸಾಫ್ಟ್‌ವೇರ್ ಎರರ್ ತೋರಿಸದೆ ಮುಚ್ಚಿಕೊಳ್ಳುತ್ತಿದೆ, ಟ್ರೈ-ಕ್ಯಾಚ್ ಇದ್ದರೂ

ಪ್ರಶ್ನೆ (ಗಂಗಾವತಿ):
ನಮಸ್ಕಾರ. ಇಲ್ಲಿನ ಒಂದು ರೈಸ್ ಮಿಲ್ಲಿಗೆ ವೇಬ್ರಿಡ್ಜ್ (ಗಾಡಿ ತೂಗೋ ಕಾಟಾ) ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಭಾಷೆ ಸಿ ಶಾರ್ಪ್, ವಿಂಡೋಗಳಿಗೆ ವಿನ್‌ಫಾರ್ಮ್ಸ್. ತೂಕ ಇಂಡಿಕೇಟರ್‌ನಿಂದ ಸೀರಿಯಲ್ ಪೋರ್ಟಿಗೆ ಬರುತ್ತೆ. ದಿನಕ್ಕೆ ಎರಡು ಮೂರು ಸಲ ಇಡೀ ವಿಂಡೋ ಮಾಯ, ಎರರ್ ಬಾಕ್ಸ್ ಕೂಡ ಬರಲ್ಲ. ನಿನ್ನೆ ಭತ್ತದ ಟ್ರ್ಯಾಕ್ಟರ್ ಕಾಟಾ ಮೇಲೆ ನಿಂತಿತ್ತು, ಪರದೆ ಮೇಲೆ 8460 ಬಂತು, ಚೀಟಿ ಪ್ರಿಂಟ್ ಕೊಡೋಷ್ಟರಲ್ಲಿ ಸಾಫ್ಟ್‌ವೇರೇ ಇಲ್ಲ. ಹಿಂದೆ ಆರೇಳು ಗಾಡಿ ಸಾಲು. ಪ್ರೋಗ್ರಾಂ ಶುರುವಾಗೋ ಮೇನ್‌ನಲ್ಲಿ ಎರರ್ ಹಿಡಿಯೋ ಟ್ರೈ-ಕ್ಯಾಚ್ ಇದೆ, ಅಪ್ಲಿಕೇಶನ್ ಥ್ರೆಡ್‌ಎಕ್ಸೆಪ್ಷನ್ ಕೂಡ ಹಾಕಿದ್ದೇನೆ. ಲಾಗ್ ಮಾತ್ರ ಖಾಲಿ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಲವೂ ಹೀಗಾಗಿಲ್ಲ.

ಉತ್ತರ (ರಾಯಚೂರು):
ಥ್ರೆಡ್‌ಎಕ್ಸೆಪ್ಷನ್ ಯುಐ ಥ್ರೆಡ್‌ನ (ಪರದೆ ನೋಡಿಕೊಳ್ಳೋ ಕೆಲಸದ ಎಳೆ) ಎಕ್ಸೆಪ್ಷನ್ ಅಂದ್ರೆ ಎರರನ್ನಷ್ಟೇ ಹಿಡಿಯುತ್ತೆ. ಸೀರಿಯಲ್ ಪೋರ್ಟಿಗೆ ಡೇಟಾ ಬಂದಾಗ ಕರೆಯೋ ಡೇಟಾರಿಸೀವ್ಡ್ ಓಡೋದು ಬೇರೆ ಥ್ರೆಡ್‌ನಲ್ಲಿ, ಮೇನ್‌ನ ಟ್ರೈ ಅಲ್ಲಿಗೆ ಮುಟ್ಟಲ್ಲ. 2005ರ ಡಾಟ್‌ನೆಟ್ 2.0 (ಸಿ ಶಾರ್ಪ್ ಪ್ರೋಗ್ರಾಂ ಓಡಿಸೋ ವೇದಿಕೆ) ಬಂದಾಗಿನಿಂದ ಯಾವ ಥ್ರೆಡ್‌ನಲ್ಲಿ ಎಕ್ಸೆಪ್ಷನ್ ತಪ್ಪಿಸಿಕೊಂಡರೂ ಪ್ರೋಗ್ರಾಂ ಪೂರ್ತಿ ನಿಂತೇಹೋಗುತ್ತೆ. ಆಪ್‌ಡೊಮೈನ್ ಅನ್‌ಹ್ಯಾಂಡಲ್ಡ್‌ಎಕ್ಸೆಪ್ಷನ್ ಸೇರಿಸಿ, ಅದು ಪ್ರೋಗ್ರಾಂ ಉಳಿಸಲ್ಲ, ಆದರೆ ಸಾಯೋ ಮುಂಚೆ ಲಾಗ್ ಬರೆಯೋಕೆ ಅವಕಾಶ ಕೊಡುತ್ತೆ. ಅದಕ್ಕೂ ಮೊದಲು ಮಿಲ್ಲಿನ ಕಂಪ್ಯೂಟರಿನಲ್ಲಿ ಈವೆಂಟ್ ವ್ಯೂವರ್ ತೆಗೆಯಿರಿ. ವಿಂಡೋಸ್ ಲಾಗ್ಸ್, ಅಪ್ಲಿಕೇಶನ್, ಸೋರ್ಸ್ ಡಾಟ್‌ನೆಟ್ ರನ್‌ಟೈಮ್, ಐಡಿ 1026. ಯಾವ ಎಕ್ಸೆಪ್ಷನ್, ಯಾವ ಮೆಥಡ್ ಅಂತ ಅಲ್ಲೇ ಬರೆದಿರುತ್ತೆ.

ಗಂಗಾವತಿ:
ಸಿಕ್ಕಿತು ಸರ್! ಫಾರ್ಮ್ಯಾಟ್‌ಎಕ್ಸೆಪ್ಷನ್, ಡೇಟಾರಿಸೀವ್ಡ್ ಒಳಗಿನ ಡಬಲ್ ಪಾರ್ಸ್‌ನಲ್ಲಿ, ಬಂದ ಅಕ್ಷರಗಳನ್ನು ನಂಬರ್ ಮಾಡೋ ಕಡೆ. ಅಲ್ಲೊಂದು ಎರರ್ ನುಂಗಿಬಿಡೋ ಖಾಲಿ ಕ್ಯಾಚ್ ಹಾಕಿಬಿಡಲಾ?

ಉತ್ತರ (ಬಳ್ಳಾರಿ):
ದಯವಿಟ್ಟು ಬೇಡ. ಡೇಟಾರಿಸೀವ್ಡ್ ಬಂತು ಅಂದ್ರೆ ಪೂರ್ತಿ ಸಾಲು ಬಂದಿದೆ ಅಂತಲ್ಲ, ತುಂಡು ತುಂಡಾಗಿ ಬರುತ್ತೆ. ಬರೀ ‘ಕೆಜಿ’ ಅನ್ನೋ ತುಂಡು ಬಂದಾಗ ಪಾರ್ಸ್ ಬಿದ್ದುಹೋಗುತ್ತೆ, ಸರಿ. ಆದರೆ 8460 ಬದಲು ‘846’ ಅಷ್ಟೇ ಬಂದಿದ್ದರೆ? ಅದೂ ಒಳ್ಳೇ ನಂಬರೇ ಅಲ್ವಾ, ಪಾರ್ಸ್ ಆರಾಮಾಗಿ ಆಗುತ್ತೆ, ಚೀಟಿನೂ ಅದೇ ತೂಕಕ್ಕೆ ಬರುತ್ತೆ. ಕ್ರ್ಯಾಶ್ ಆದ್ರೆ ಹತ್ತು ನಿಮಿಷ ಹೋಗುತ್ತೆ, ತೂಕ ತಪ್ಪಿದ್ರೆ ರೈತನ ದುಡ್ಡು ಹೋಗುತ್ತೆ. ಬಂದ ತುಂಡನ್ನೆಲ್ಲ ಬಫರಿಗೆ (ತಾತ್ಕಾಲಿಕವಾಗಿ ಕೂಡಿಡೋ ಜಾಗ) ಸೇರಿಸ್ತಾ ಹೋಗಿ, ಸಾಲಿನ ಕೊನೆ ಗುರುತು ಸಿಕ್ಕ ಮೇಲೆ ಟ್ರೈಪಾರ್ಸ್ (ನಂಬರ್ ಅಲ್ಲದಿದ್ದರೂ ಎಕ್ಸೆಪ್ಷನ್ ಎಸೆಯದ ಪಾರ್ಸ್) ಮಾಡಿ. ಆಗದಿದ್ದರೆ ಆ ಸಾಲನ್ನು ಲಾಗಿಗೆ ಬರೆದು, ಪ್ರಿಂಟ್ ಬಟನ್ ಬಂದ್ ಮಾಡಿ. ಪರದೆಗೆ ತೂಕ ಹಾಕೋದು ಬಿಗಿನ್‌ಇನ್ವೋಕ್ (ಕೆಲಸವನ್ನು ಯುಐ ಥ್ರೆಡ್‌ಗೆ ಒಪ್ಪಿಸೋದು) ಮೂಲಕವೇ ಇರಲಿ.

ಗಂಗಾವತಿ:
ಲ್ಯಾಪ್‌ಟಾಪಿನಲ್ಲಿ ಯಾಕೆ ಆಗಲಿಲ್ಲ ಅಂತ ಈಗ ಗೊತ್ತಾಯಿತು. ನಾನು ಬರೆದ ಟೆಸ್ಟ್ ಪ್ರೋಗ್ರಾಂ ಇಡೀ ಸಾಲನ್ನು ಒಂದೇ ಸಲ ಕಳಿಸುತ್ತೆ. ಬಫರ್ ಹಾಕಿ ಇವತ್ತೇ ಮಿಲ್ಲಿಗೆ ಹೋಗ್ತೀನಿ. ಜೊತೆಗೆ ಇಲ್ಲಿವರೆಗೆ ಕೊಟ್ಟ ಚೀಟಿಗಳ ತೂಕವನ್ನೂ ಒಂದೊಂದಾಗಿ ನೋಡಿ, ಅನುಮಾನ ಬಂದದ್ದನ್ನು ಮಾಲೀಕರಿಗೆ ತೋರಿಸ್ತೀನಿ.