ಅಪ್‌ಡೇಟ್: ಮಠನೋ ಡಾಕ್ಟರೋ ಅಂತ ಕೇಳಿದ್ನಲ್ಲ

ಅಪ್ಪ ತೀರಿಕೊಂಡ ಮ್ಯಾಲೆ ನಿದ್ದಿ ಹತ್ತವಲ್ದು, ಸಂಜಿ ಆದ್ರ ಎದಿ ಬಿಗಿ ಹಿಡಿತದ, ಸಿದ್ಧಾರೂಢ ಮಠಕ್ಕ ಹೋಗಿ ಕೂಡ್ಲೋ ಡಾಕ್ಟರಿಗೆ ತೋರಿಸ್ಲೋ ಅಂತ ಕೇಳಿದ್ದೆ. ಎರಡೂ ಮಾಡೀನಿ.

ಮೊದ್ಲ 14416ಕ್ಕ, ಅಂದ್ರ ಮನಸ್ಸಿನ ತ್ರಾಸಿಗೆ ಇರೋ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಹಚ್ಚಿದೆ. ಪುಕ್ಕಟೆ, ರಾತ್ರಿನೂ ಇರ್ತದ, ಕನ್ನಡದಾಗ ಮಾತಾಡಿದ್ರು. ಆಮ್ಯಾಲೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ಗೆ ಹೋದೆ. "ಅಲ್ಲಿಗ್ಯಾಕೋ, ಮಂದಿ ಏನಂದಾರು" ಅಂತ ಕಾಕಾ ಗೊಣಗಿದ್ರು. ಅವ್ವ ಮಾತ್ರ ತಾನ ಹೋಗಿ ಚೀಟಿ ಸಾಲಿನ್ಯಾಗ ನಿಂತ್ಳು. ಡಾಕ್ಟರು ಗುಳಿಗಿ ಕೊಟ್ಟಾರ, ಸಂಜಿ ಚಹಾ ಬಿಡಿಸ್ಯಾರ (ಇದೊಂದು ಜೀವಕ್ಕ ಬಂದಂಗಾಗೇದ). ಮಠ ಬಿಡಬ್ಯಾಡ ಅಂತನೂ ಅಂದ್ರು.

ಮಠದಾಗ ನಾ ಏನೂ ಬೇಡ್ಕೊಳ್ಳಂಗಿಲ್ಲ. ಎಲ್ಲಾರ ಜೋಡಿ "ಓಂ ನಮಃ ಶಿವಾಯ" ಅಂತ ಎಳದು ಅಂದ್ರ ಉಸಿರು ತಾನ ಉದ್ದ ಆಗ್ತದ, ಎದಿ ಸಡ್ಲ ಆಗ್ತದ. ಮೊನ್ನೆ ಬಾಜೂಕ ಬತ್ತಿ ಹೊಸೀತಿದ್ದ ಅಜ್ಜಿ, ಕೇಳದನ ನನ್ನ ಕೈಯಾಗ ಹತ್ತಿ ಇಟ್ಟು, "ಸುಮ್ನ ಕುಂತೀಯಲ್ಲ ತಮ್ಮಾ, ಇದನ್ನರ ಮಾಡು" ಅಂದ್ಲು. ನನ್ನ ಬತ್ತಿ ಎಲ್ಲಾ ಸೊಟ್ಟ. ಆದ್ರ ಅಷ್ಟೊತ್ತು ತಲಿಯೊಳಗ ಗದ್ದಲ ಇರಲಿಲ್ಲ.

ನಿದ್ದಿ ಇನ್ನೂ ಪೂರಾ ಸರಿ ಆಗಿಲ್ಲ. ಗುಳಿಗಿ ಹೆಸರು ಕೇಳಿದವರಿಗೆ ಹೇಳಂಗಿಲ್ಲ, ನಿಮ್ದು ನೀವ ತೋರಿಸ್ಕೊಳ್ರಿ.