ಓದು ಬಳಗಕ್ಕೆ ಈಚಿನ ಅಮೆರಿಕನ್ ನಾಟಕಗಳು: ಯಾವುದು ಗಟ್ಟಿಯಾಗಿ ಓದಲು ಒದಗುತ್ತದೆ?

ಹೊಸಓದು:
ಬಳಗದಲ್ಲಿ ಎಂಟು ಮಂದಿ, ತಿಂಗಳಿಗೊಮ್ಮೆ ಎರಡು ಗಂಟೆ ಸೇರುತ್ತೇವೆ. ಪಾತ್ರ ಹಂಚಿಕೊಂಡು ಇಂಗ್ಲಿಷ್‌ನಲ್ಲೇ ಓದುವುದು, ಆಮೇಲೆ ಕನ್ನಡದಲ್ಲಿ ಚರ್ಚೆ. ಮಿಲ್ಲರ್, ಟೆನೆಸೀ ವಿಲಿಯಮ್ಸ್ ಆಯಿತು. 1980ರಿಂದ ಈಚಿನವು ಮೂರ್ನಾಲ್ಕು ಹೇಳಿ. ಯಾರೂ ನಟರಲ್ಲ.

ನೇಪಥ್ಯ:
ಶುರುವಿಗೆ ಜಾನ್ ಪ್ಯಾಟ್ರಿಕ್ ಶಾನ್ಲಿಯವರ ‘ಡೌಟ್’ (2005ರ ಪುಲಿಟ್ಜರ್ ಪ್ರಶಸ್ತಿ). 1964ರ ಬ್ರಾಂಕ್ಸ್, ಕ್ಯಾಥೊಲಿಕ್ ಶಾಲೆ. ಹುಡುಗನೊಬ್ಬನೊಡನೆ ಪಾದ್ರಿ ಅನುಚಿತವಾಗಿ ನಡೆದುಕೊಂಡನೆಂದು ಮುಖ್ಯೋಪಾಧ್ಯಾಯಿನಿಗೆ ಗುಮಾನಿ. ನಾಲ್ಕೇ ಪಾತ್ರ, ಮಧ್ಯಂತರವಿಲ್ಲ, ಒಂದೂವರೆ ಗಂಟೆಯ ಓದು. ದೃಶ್ಯ ಬದಲಾದಂತೆ ಓದುವವರನ್ನೂ ಬದಲಿಸಿದರೆ ಎಂಟೂ ಜನಕ್ಕೆ ಪಾಲು ಸಿಗುತ್ತದೆ.

ಮಿಸೆಸ್ ಮಲ್ಲರ್ ಬರುವುದು ಒಂದೇ ದೃಶ್ಯದಲ್ಲಿ. ಚಿಕ್ಕ ಪಾತ್ರ ಅಂತ ಓದಲು ಹಿಂಜರಿಯುವವರಿಗೆ ದಾಟಿಸಬೇಡಿ. ಆ ಹುಡುಗನ ತಾಯಿ ಆಕೆ. ಶಾಲೆಯ ವರ್ಷ ಮುಗಿಯುವ ಜೂನ್‌ವರೆಗೆ ಹೇಗೋ ಕಳೆದರೆ ಸಾಕು ಅನ್ನುತ್ತಾಳೆ ನೋಡಿ, ಅಲ್ಲಿ ನಾಟಕ ಮಗ್ಗುಲು ಬದಲಿಸುತ್ತದೆ. ಆ ಮಾತು ಸಪ್ಪೆಯಾದರೆ ಚರ್ಚೆಯೂ ಸಪ್ಪೆ. ಓದು ಮುಗಿದೊಡನೆ, ಯಾರೂ ಬಾಯಿ ಬಿಡುವ ಮುಂಚೆ, ಪಾದ್ರಿ ತಪ್ಪಿತಸ್ಥನೋ ಅಲ್ಲವೋ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಮೊದಲು ಮಾತಾಡಿದವರ ಹಿಂದೆ ಎಲ್ಲರೂ ಸಾಲುಗಟ್ಟುತ್ತಾರೆ.

ರಂಗಸೂಚನೆಗೆ ಯಾವ ನಾಟಕವಾದರೂ ಒಬ್ಬರೇ ಇರಲಿ. ಯಾರು ಬಂದರು, ಯಾರು ಹೋದರು, ಕೈಯಲ್ಲೇನಿದೆ, ಇಷ್ಟು ಸಾಕು. ‘ಬೇಸರದಿಂದ’, ‘ನಸುನಕ್ಕು’ ಎಲ್ಲ ಓದುತ್ತ ಹೋದರೆ ಮಾತಿನ ಓಟ ಮುರಿಯುತ್ತದೆ.

ಮೂರನೇಬೆಲ್:
ಆಗಸ್ಟ್ ವಿಲ್ಸನ್‌ರ ‘ಫೆನ್ಸಸ್’ (1987ರ ಪುಲಿಟ್ಜರ್) ನಿಮಗೆ ಅಳತೆ ಕೊಟ್ಟು ಹೊಲಿಸಿದಂತಿದೆ: ಏಳು ಪಾತ್ರ, ರಂಗಸೂಚನೆಗೆ ಎಂಟನೆಯವರು. ಒಂದೇ ಬಾರಿಗೆ ಮುಗಿಸಲು ಹೋಗಬೇಡಿ. ಮೊದಲ ಅಂಕ ನಾಲ್ಕು ದೃಶ್ಯ, ಎರಡನೆಯದು ಐದು, ತಿಂಗಳಿಗೊಂದು ಅಂಕ. ಮುಖ್ಯಪಾತ್ರ ಟ್ರಾಯ್, ಹಿಂದೆ ಬೇಸ್‌ಬಾಲ್ ಆಡಿದ್ದ ಕರಿಯ ಅಮೆರಿಕನ್. ಅವನಿಗೆ ಮಾತು ವಿಪರೀತ, ಗಂಟಲು ಕಟ್ಟುತ್ತದೆ, ಅಂಕಕ್ಕೊಬ್ಬರು ಓದಿ.

ಬೇಸ್‌ಬಾಲ್ ಹಿನ್ನೆಲೆ ಮೊದಲೇ ಹೇಳಿಬಿಡಿ. ಕರಿಯ ಆಟಗಾರ ಜಾಕಿ ರಾಬಿನ್ಸನ್ 1947ರಲ್ಲಿ ಮೇಜರ್ ಲೀಗ್‌ನ (ಅಲ್ಲಿನ ಅತಿ ಮೇಲ್ಮಟ್ಟದ ಬೇಸ್‌ಬಾಲ್) ವರ್ಣಭೇದ ಮುರಿದಾಗ ಟ್ರಾಯ್‌ನ ಆಟದ ವಯಸ್ಸು ಮೀರಿತ್ತು. ಇದು ಗೊತ್ತಿಲ್ಲದವರಿಗೆ ಮಗನ ಫುಟ್‌ಬಾಲ್‌ಗೆ ಅವನು ಅಡ್ಡಗಾಲು ಹಾಕುವುದು ಬರೀ ಹಟ ಅನಿಸುತ್ತದೆ. ಜನಾಂಗೀಯ ಬೈಗುಳವೊಂದು ಪಾತ್ರಗಳ ಬಾಯಲ್ಲಿ ಪದೇ ಪದೇ ಬರುತ್ತದೆ. ಉಚ್ಚರಿಸುವುದೋ ಹಾರಿಸುವುದೋ ಹಿಂದಿನ ದಿನವೇ ತೀರ್ಮಾನಿಸಿ. ಅವರ ಆಡುಮಾತಿನ ವ್ಯಾಕರಣವನ್ನಂತೂ ತಿದ್ದಿ ಓದಬೇಡಿ.

ಡೇವಿಡ್ ಮ್ಯಾಮೆಟ್‌ರ ‘ಗ್ಲೆನ್‌ಗ್ಯಾರಿ ಗ್ಲೆನ್ ರಾಸ್’ ಕೂಡ ಏಳು ಪಾತ್ರದ್ದೇ, ಜಮೀನು ಮಾರುವ ಏಜೆಂಟರ ಕಥೆ. ‘ಲೀಡ್’ ಅಂದರೆ ಕೊಳ್ಳಬಹುದಾದ ಗಿರಾಕಿಯ ಹೆಸರು-ವಿಳಾಸ, ಇಷ್ಟು ತಿಳಿದಿದ್ದರೆ ದಾರಿ ಸುಗಮ. ಸಿನಿಮಾದಲ್ಲಿ ಅಲೆಕ್ ಬಾಲ್ಡ್‌ವಿನ್ ಅಬ್ಬರಿಸುವ ಭಾಷಣ ನಾಟಕದಲ್ಲಿಲ್ಲ, ಹುಡುಕಬೇಡಿ.

ಹೊಸಓದು:
ಆನಿ ಬೇಕರ್‌ರ ‘ದ ಫ್ಲಿಕ್’ ಹೇಗೆ?

ನೇಪಥ್ಯ:
ಒಳ್ಳೆಯ ನಾಟಕ, ಆದರೆ ಮನೆಯಲ್ಲಿ ಓದಿಕೊಂಡು ಬನ್ನಿ. ಚಿತ್ರಮಂದಿರದಲ್ಲಿ ಪಾಪ್‌ಕಾರ್ನ್ ಗುಡಿಸುತ್ತಾ ಕಳೆಯುವ ಮೌನವೇ ಅದರ ಜೀವ. ಮೇಜಿನ ಸುತ್ತ ಕೂತರೆ ಗುಡಿಸುವವರು ಯಾರು?

ಮೂರನೇಬೆಲ್:
ಮೌನವನ್ನು ಓದಿ ಕಲಿಯಬೇಕಿದ್ದರೆ ಸೂಸನ್-ಲೋರಿ ಪಾರ್ಕ್ಸ್‌ರ ‘ಟಾಪ್‌ಡಾಗ್/ಅಂಡರ್‌ಡಾಗ್’. ಇಬ್ಬರೇ ಅಣ್ಣತಮ್ಮಂದಿರು, ದೃಶ್ಯಕ್ಕೊಂದು ಜೋಡಿ ಓದಲಿ. ಕಂಸದಲ್ಲಿ ‘ರೆಸ್ಟ್’ ಅಂತಿದ್ದರೆ ಒಂದು ಉಸಿರು. ಮಾತಿಲ್ಲದೆ ಬರೀ ಹೆಸರುಗಳು ಒಂದರ ಕೆಳಗೊಂದು ಬಂದರೆ ಇನ್ನೂ ದೀರ್ಘ. ಅಚ್ಚಿನ ತಪ್ಪು ಅಂತ ದಾಟಿಬಿಡುವವರೇ ಹೆಚ್ಚು. ಆ ಹೆಸರುಗಳನ್ನು ಗಟ್ಟಿಯಾಗಿ ಓದಬಾರದು. ಆ ಇಬ್ಬರು ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದರೆ ಸಾಕು.